ಕಾರಿಗೆ ಚಳಿ ಹಿಡಿದ ದಿನ

"ನಿಲ್ಲಿಸಿ! ಕಟ್ ಮಾಡಬೇಡಿ!"

ಆ ಕೂಗಿಗೆ ಅವಳ ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಅಲ್ಲೇ ನಿಂತಿತು. ಅವಸರದಲ್ಲಿ ತಲೆಯೆತ್ತಿದಳು ನೋಡಿ, ಹಣೆ ಠಣ್ ಎಂದು ಬಾನೆಟ್ಟಿಗೆ ಬಡಿಯಿತು.

ಎದುರಿಗೆ ಒಬ್ಬ ಯುವಕ. ಇಸ್ತ್ರಿ ಕೆಡದ ಅಂಗಿ, ತೆಳು ಫ್ರೇಮಿನ ಕನ್ನಡಕ. ತನ್ನ ಅಂಗೈಯನ್ನು ಅಗಲಿಸಿ ವೈರುಗಳ ಕಟ್ಟಿನ ಮೇಲೆ ಇಟ್ಟುಬಿಟ್ಟಿದ್ದ. ಕತ್ತರಿಸುವುದಾದರೆ ಮೊದಲು ನನ್ನ ಬೆರಳು ಕತ್ತರಿಸು ಎನ್ನುವ ಹಾಗೆ!

"ಕೈ ತೆಗೀರಿ," ಎಂದಳು ಹಣೆ ಉಜ್ಜಿಕೊಳ್ಳುತ್ತಾ.

"ನೀವು ಮೊದಲು ಅದನ್ನ ಕೆಳಗಿಡಿ. ಇದು ನಮ್ಮಮ್ಮನ ಕಾರು. ಮೆಕ್ಯಾನಿಕ್ ಎಲ್ಲಿ?"

"ನಿಮ್ಮೆದುರಿಗೇ ಇದಾಳೆ."

ಅವನು ಬೆಪ್ಪಾದ. ಅಷ್ಟರಲ್ಲಿ ಕಾರಿನ ಹಿಂದಿನ ಸೀಟಿನಿಂದ ಒಂದು ಗಟ್ಟಿ ಧ್ವನಿ ಬಂತು.

"ಏಯ್, ಕನ್ನಡಕ ಮಾರೋನೇ! ನಿನ್ನ ಅಂಗಡಿಗೆ ಬಂದು ಅವಳೇನಾದ್ರೂ ಲೆನ್ಸ್ ಉಜ್ಜಿದ್ಳಾ? ಅವಳ ಕೆಲಸ ಅವಳಿಗೆ ಬಿಡು!"

ಅವನ ಅಮ್ಮ. ಇದೇ ಕಾರನ್ನು ಬಾಡಿಗೆಗೆ ಓಡಿಸಿ, ಒಬ್ಬಳೇ ನಿಂತು ಮಗನನ್ನು ಓದಿಸಿ, ಅವನಿಗೆ ಕನ್ನಡಕದ ಅಂಗಡಿ ಹಾಕಿಕೊಟ್ಟ ಗಟ್ಟಿಗಿತ್ತಿ. ಈಗ ಕೂದಲು ಹಣ್ಣಾಗಿದೆ, ಆದರೆ ಸ್ಟಿಯರಿಂಗ್ ಬಿಟ್ಟಿಲ್ಲ. ಪಾಪ, ಕಾರೇ ಕೈಬಿಟ್ಟಿತ್ತು. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಹೇಳುವ ಕಂಪ್ಯೂಟರ್ ಪೆಟ್ಟಿಗೆ ಸುಟ್ಟುಹೋಗಿತ್ತು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ.

"ಅದಕ್ಕೇ ಹೊಸ ಥರದ ಕಂಪ್ಯೂಟರ್ ಹಾಕ್ತಿದೀನಿ," ಎಂದು ಅವಳು ಬಿಡಿಸಿ ಹೇಳಿದಳು. "ಇದಕ್ಕೆ ನಿಮ್ಮ ಕಾರು ಯಾವುದು ಅಂತಾನೇ ಗೊತ್ತಿರಲ್ಲ. ಲ್ಯಾಪ್‌ಟಾಪ್ ಜೋಡಿಸಿ ಒಂದೊಂದೇ ನಾವು ಕಲಿಸಬೇಕು. ಹಳೇ ವೈರು ಕಟ್ ಮಾಡದೆ ಆಗಲ್ಲ."

"ಕೆಟ್ಟುಹೋದ್ರೆ?"

ಆ ಪ್ರಶ್ನೆ ಅವಳೆದೆಗೆ ಚುಚ್ಚಿತು. ಏಕೆಂದರೆ ಬೆಳಗ್ಗೆಯಷ್ಟೇ ಗ್ಯಾರೇಜಿನ ಯಜಮಾನ, ಅವಳ ಸೋದರಮಾವ, ಅದನ್ನೇ ಕೇಳಿದ್ದರು. "ಇದೊಂದು ಕಾರು ನೀನೇ ಮಾಡು, ನಾನು ಅಡ್ಡ ಬರಲ್ಲ. ಆದ್ರೆ ಕೆಟ್ಟು ವಾಪಸ್ ಬಂತೋ, ಆ ಲ್ಯಾಪ್‌ಟಾಪ್ ಮುಚ್ಚಿ ಎಲ್ಲರ ಹಾಗೆ ಆಯಿಲ್ ಬದಲಾಯಿಸ್ಕೊಂಡಿರು."

'ನನ್ನನ್ನ ನಂಬೋರು ಒಬ್ಬರೂ ಇಲ್ವಾ ದೇವರೇ...'

"ಕೆಡಲ್ಲ," ಎಂದಳು. ಅವನು ಕೈ ತೆಗೆದ. ಅವಳು ಕತ್ತರಿಸಿದಳು.

ಮಾರನೆಯ ದಿನದಿಂದ ಕನ್ನಡಕದವನು ಸಂಜೆಯಾದರೆ ಸಾಕು, ಗ್ಯಾರೇಜಿನಲ್ಲಿ ಹಾಜರ್! ಕಾರು ನೋಡೋಕೆ ಅಂತ ಬಾಯಿಮಾತು. ಕಣ್ಣು ಮಾತ್ರ ಕಾರಿನ ಮೇಲಿರುತ್ತಿರಲಿಲ್ಲ. ಅದು ಮಾವನಿಗೆ ಗೊತ್ತಾಯಿತು, ಅಮ್ಮನಿಗೆ ಗೊತ್ತಾಯಿತು, ಟೀ ತರುವವನಿಗೂ ಗೊತ್ತಾಯಿತು. ಅವಳಿಗೊಬ್ಬಳಿಗೇ ಗೊತ್ತಾಗಲಿಲ್ಲ. ಅಥವಾ ಗೊತ್ತಾಗದ ಹಾಗೆ ಇದ್ದಳು!

ಅವನು ಟಾರ್ಚ್ ಹಿಡಿಯುತ್ತಿದ್ದ, ಅವಳು ಮಾವ ಹಾಕಿದ ಷರತ್ತಿನ ಕಥೆ ಹೇಳುತ್ತಾ ವೈರು ಜೋಡಿಸುತ್ತಿದ್ದಳು.

"ಇದೇನು?"

"ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ಕಂಪ್ಯೂಟರ್‌ಗೆ ಹೇಳೋ ಸೆನ್ಸರ್. ಹಳೇದನ್ನ ತೆಗೆದು ಹೊಸದು ಹಾಕ್ತಿದೀನಿ. ಎಂಜಿನ್ ತಣ್ಣಗಿದ್ರೆ ಪೆಟ್ರೋಲ್ ಜಾಸ್ತಿ ಬೇಕು, ಬಿಸಿಯಾದ್ಮೇಲೆ ಕಮ್ಮಿ ಸಾಕು."

"ಮನುಷ್ಯರ ಥರಾನೇ. ಚಳಿಯಾದ್ರೆ ಹಸಿವು ಜಾಸ್ತಿ."

ಅವಳು ನಕ್ಕುಬಿಟ್ಟಳು. ನಗುತ್ತಲೇ ಸೆನ್ಸರ್ ತಿರುಗಿಸಿ ಬಿಗಿದಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ಎಂಜಿನ್ ಮೊದಲು ಕೆಮ್ಮಿತು, ಮುನಿಸಿಕೊಂಡಿತು, ಆಮೇಲೆ ಶುರುವಾಯಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಳಿದದ್ದು ರಸ್ತೆಯ ಕೆಲಸ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಲ್ಯಾಪ್‌ಟಾಪ್ ನೋಡುತ್ತಾ ಪೆಟ್ರೋಲಿನ ಲೆಕ್ಕ ತಿದ್ದಬೇಕು. ಓಡಿಸಲು ಯಾರು ಮುಂದೆ ಬಂದರೆಂದು ಬೇರೆ ಹೇಳಬೇಕೇ?

"ಮೂರನೇ ಗೇರು... ಹಾಗೇ ಇರಲಿ. ಕಾಲು ಅಲ್ಲಾಡಿಸಬೇಡಿ."

"ಅಲ್ಲಾಡ್ತಿರೋದು ಕಾಲಲ್ಲ ಮೇಡಂ..."

ಅವಳ ಕಿವಿ ಕೆಂಪಾಯಿತು. ಪರದೆಯ ಮೇಲಿನ ಅಂಕಿಗಳೆಲ್ಲ ಕಲಸಿಹೋದವು.

ಕಾರು ಮನೆಗೆ ಹೋಯಿತು. ಅವಳಿಗೆ ಗ್ಯಾರೇಜು ಬಿಕೋ ಎನ್ನತೊಡಗಿತು. ಅವನೂ ಬರಲಿಲ್ಲ. 'ಕಾರಿನ ಕೆಲಸ ಮುಗೀತು, ಅವರಿಗೆ ನಾನ್ಯಾಕೆ?' ಎಂದು ತನ್ನನ್ನು ತಾನೇ ಬೈದುಕೊಂಡಳು.

ಆದರೆ ವಾರ ಕಳೆಯುವ ಮೊದಲೇ ಕಾರು ಬಂತು. ಹಗ್ಗ ಕಟ್ಟಿ ಎಳೆಸಿಕೊಂಡು!

"ನಾಲ್ಕು ರಸ್ತೆ ಸೇರೋ ಕಡೆ ಕರೀ ಹೊಗೆ ಬಿಟ್ಟು ನಿಂತುಹೋಯ್ತು," ಎಂದರು ಅಮ್ಮ. "ಎಲ್ಲರೂ ಹಾರ್ನ್ ಹೊಡೆಯೋರೇ. ಇಷ್ಟು ವರ್ಷದಲ್ಲಿ ನಾನು ನಡುರಸ್ತೆಯಲ್ಲಿ ನಿಂತಿರಲಿಲ್ಲ ಕಣಮ್ಮ."

ಹಿಂದೆಯೇ ಅವನು ಬಂದ, ಮುಖ ಬಿಳಿಚಿಕೊಂಡಿತ್ತು. ಮಾವ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತರು. ಬೈದಿದ್ದರೇ ವಾಸಿಯಿತ್ತು.

ಅವಳು ಲ್ಯಾಪ್‌ಟಾಪ್ ಜೋಡಿಸಿದಳು. ಎಂಜಿನ್ ಮುಟ್ಟಿದರೆ ಕೈ ಸುಡುತ್ತಿದೆ. ಕಂಪ್ಯೂಟರ್ ಮಾತ್ರ, ಇದಕ್ಕೆ ವಿಪರೀತ ಚಳಿ ಎಂದು ತಿಳಿದು ಪೆಟ್ರೋಲ್ ಸುರಿಯುತ್ತಲೇ ಬಂದಿದೆ! ಸೆನ್ಸರ್ ಇದ್ದ ಜಾಗಕ್ಕೆ ಟಾರ್ಚ್ ಬಿಟ್ಟಳು. ಅಲ್ಲಿ ಕೂತಿದ್ದುದು ಮಾಸಿದ ಹಿತ್ತಾಳೆಯ ಹಳೆಯ ಸೆನ್ಸರ್.

"ಇದು ನಾನು ಹಾಕಿದ್ದಲ್ಲ. ಯಾರು ಬದಲಾಯಿಸಿದ್ದು?"

"ನಾನೇ," ಎಂದ ಅವನು ಮೆಲ್ಲಗೆ.

ಅವಳ ಎದೆ ಹಾಳುಬಾವಿಯ ಹಾಗಾಯಿತು. 'ಮೊದಲ ದಿನ ವೈರಿನ ಮೇಲೆ ಕೈಯಿಟ್ಟವರು... ಕೊನೆಗೂ ನನ್ನನ್ನ ನಂಬಲೇ ಇಲ್ಲ.'

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲದಿದ್ರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ! ಕದ್ದು ಬದಲಾಯಿಸೋದು ಯಾಕೆ?"

ಅವನು ಮಾವನ ಕಡೆ ಒಮ್ಮೆ ನೋಡಿದ. ತಲೆತಗ್ಗಿಸಿ ಹೊರಗೆ ನಡೆದ.

"ಸರಿ ಬಿಡು," ಎಂದರು ಮಾವ. "ತಪ್ಪು ಅವರದ್ದು. ನಿನ್ನ ಮೇಲೆ ಮಾತಿಲ್ಲ." ಹಾಗೆಂದು ಆಫೀಸಿನ ಕೋಣೆಗೆ ಹೋದರು.

ಲ್ಯಾಪ್‌ಟಾಪ್ ಉಳಿಯಿತು. ಆದರೂ ಅವಳ ಕಣ್ಣು ತುಂಬಿತು.

ಅಮ್ಮ ಅವಳ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡರು. "ಅವನು ಬಾಯಿ ಬಿಡಲ್ಲ, ನಾನು ಹೇಳ್ತೀನಿ ಕೇಳು. ನಿನ್ನ ಸೆನ್ಸರ್ ಹತ್ರ ಎಂಜಿನ್ ತಣಿಸೋ ನೀರು ಒಸರ್ತಿತ್ತು. ಗ್ಯಾರೇಜಿಗೆ ಫೋನ್ ಮಾಡೋ ಅಂದೆ. 'ಬೇಡಮ್ಮ, ಅವರ ಮಾವ ಫೋನ್ ತಗೊಂಡ್ರೆ ಅವರ ಕಂಪ್ಯೂಟರ್ ಕೆಲಸಾನೇ ನಿಲ್ಲಿಸಿಬಿಡ್ತಾರೆ' ಅಂದ. ಡಿಕ್ಕಿಯಲ್ಲಿ ನಾನು ಕೂಡಿಟ್ಟ ಹಳೇ ಸಾಮಾನಿತ್ತಲ್ಲ, ಅದರಲ್ಲೊಂದು ಹುಡುಕಿ ತಾನೇ ಹಾಕಿದ. ನಿನ್ನ ಮೇಲೆ ಮಾತು ಬರಬಾರದು ಅಂತ!"

ನೀರು ಒಸರುತ್ತಿತ್ತೇ?

ಅವಳು ಬಿಡಿಭಾಗಗಳ ತಟ್ಟೆಯತ್ತ ಓಡಿದಳು. ಮೂಲೆಯಲ್ಲಿ ತಾಮ್ರದ ವಾಷರ್ ಇನ್ನೂ ಅಲ್ಲೇ ಬಿದ್ದಿತ್ತು. ನೀರು ಸೋರದಂತೆ, ಸೆನ್ಸರ್ ಬಿಗಿಯುವ ಮೊದಲು ಅದರಡಿ ಹಾಕಬೇಕಾದ ಉಂಗುರ! ಅವತ್ತು ಟಾರ್ಚಿನ ಬೆಳಕಿನಲ್ಲಿ ನಗುತ್ತಾ ಮರೆತೇಬಿಟ್ಟಿದ್ದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪು ಅವನದ್ದೆಂದೇ ಉಳಿಯುತ್ತಿತ್ತು, ಕೆಲಸ ಅವಳದ್ದಾಗಿಯೇ ಉಳಿಯುತ್ತಿತ್ತು. ಒಂದು ಕ್ಷಣ, ನಿಜ ಹೇಳಬೇಕೆಂದರೆ, ಅವಳ ಮನಸ್ಸು ಆ ಕಡೆಗೂ ವಾಲಿತು.

ಆಮೇಲೆ ವಾಷರ್ ಎತ್ತಿಕೊಂಡು ಆಫೀಸಿಗೆ ನಡೆದಳು.

"ಮಾವ, ತಪ್ಪು ಮೊದಲು ನನ್ನದು. ಇದನ್ನ ಹಾಕೋದು ಮರೆತಿದ್ದೆ. ನೀರು ಸೋರಿದ್ದಕ್ಕೇ ಅವರು ಸೆನ್ಸರ್ ಬದಲಾಯಿಸಿದ್ದು." ವಾಷರನ್ನು ಮೇಜಿನ ಮೇಲಿಟ್ಟಳು. "ಲ್ಯಾಪ್‌ಟಾಪ್ ಮುಚ್ಚಿಡ್ತೀನಿ."

ಮಾವ ವಾಷರನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

"ನಾನೂ ಎಷ್ಟೋ ಸಲ ಮರೆತಿದೀನಿ ಕಣೇ. ಬಂದು ಹೇಳಿದ್ದು ಮಾತ್ರ ಒಂದ್ಸಲಾನೂ ಇಲ್ಲ." ಕೆಮ್ಮಿದರು. "ಮುಚ್ಚೋದು ಗಿಚ್ಚೋದು ಏನೂ ಬೇಡ. ಹೋಗಿ ಆ ಹೆಂಗಸಿನ ಕಾರು ಸರಿಮಾಡು."

ಅವನು ಗೇಟಿನ ಹೊರಗೇ ನಿಂತಿದ್ದ. ಅವಳು ಗ್ರೀಸ್ ಕೈಯಲ್ಲೇ ಓಡಿದಳು.

"ನನ್ನ ಸೆನ್ಸರ್ ಎಲ್ಲಿ?"

ಅವನು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ತೆರೆದ. ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಸೆನ್ಸರ್!

"ನೀವು ಹಾಕಿದ್ದು... ಬಿಸಾಕೋಕೆ ಮನಸ್ಸಾಗಲಿಲ್ಲ." ತಡವರಿಸಿದ. "ಹಳೇದೂ ನೋಡೋಕೆ ಹೀಗೇ ಇತ್ತು. ಏನು ತಪ್ಪಾಯ್ತು?"

"ಫ್ರೇಮ್ ಒಂದೇ, ಪವರ್ ಬೇರೆ. ಅದರ ಲೆಕ್ಕ ಈ ಹೊಸ ಕಂಪ್ಯೂಟರ್‌ಗೆ ಹೊಂದಲ್ಲ. ಬೇರೆಯವರ ಕನ್ನಡಕ ಹಾಕ್ಕೊಂಡ ಹಾಗಾಯ್ತು."

"ಅಯ್ಯೋ! ನಾನು ದಿನಾ ಜನಕ್ಕೆ ಹೇಳೋ ಮಾತು!"

ಇಬ್ಬರಿಗೂ ನಗು ಬಂತು. ನಗುವಿನ ನಡುವೆ ಅವಳ ಕಣ್ಣೀರು ಜಾರಿತು.

ಎಂಜಿನ್ ಆರಿದ ಮೇಲೆ ವಾಷರ್ ಹಾಕಿ ಸೆನ್ಸರ್ ಬಿಗಿದಳು. ಅಮ್ಮ ಕೀಲಿ ತಿರುಗಿಸಿದರು. ಒಂದೇ ಏಟಿಗೆ ಶುರು! ಹೊಗೆಯಿಲ್ಲ, ಕೆಮ್ಮಿಲ್ಲ. ಮಗ ಬಾಗಿಲಿಗೆ ಕೈಹಾಕುವಷ್ಟರಲ್ಲಿ ಕಾರು ಹೊರಟೇಬಿಟ್ಟಿತು.

"ಅಮ್ಮಾ! ನಾನು?"

"ನಿನಗಿಲ್ಲಿ ಕೆಲಸ ಇದೆಯಲ್ಲೋ ದಡ್ಡ!" ಎಂದು ಕೂಗುತ್ತಾ ಅಮ್ಮ ತಿರುವು ದಾಟಿ ಮರೆಯಾದರು.

ಇಬ್ಬರೇ ಉಳಿದರು.

"ನಿಮ್ಮನ್ನ ನಂಬದೆ ಮಾಡಿದ್ದಲ್ಲ," ಎಂದ ಅವನು. "ನಿಮ್ಮ ಕಣ್ಣಲ್ಲಿ ನೀರು ನೋಡೋ ಧೈರ್ಯ ನನಗಿರಲಿಲ್ಲ. ನನಗೆ ನೀವಂದ್ರೆ ಅಷ್ಟು ಇಷ್ಟ. ಅದನ್ನ ಹೇಳೋಕೂ ಧೈರ್ಯ ಸಾಲದೆ ಈ ಕಡೆ ತಲೆಹಾಕಲಿಲ್ಲ."

ಅವಳ ಎದೆ ಹೊಡೆದುಕೊಳ್ಳುವುದು ಅವನಿಗೂ ಕೇಳಿಸಿರಬೇಕು.

"ನನಗೂ ಇಷ್ಟ," ಎಂದಳು. "ಆದ್ರೆ ಇನ್ಮೇಲೆ ನನ್ನ ತಪ್ಪು ಮುಚ್ಚಿಡಬೇಡಿ. ಕಂಡ ತಕ್ಷಣ ಹೇಳಿ. ಮೊದಲು ನನಗೆ."

"ಹೇಳ್ತೀನಿ. ಆದ್ರೆ ತಪ್ಪು ಕಾಣಬೇಕು ಅಂದ್ರೆ ಹತ್ತಿರ ಇರಬೇಕಲ್ಲ... ದಿನಾ?"

ಅವಳು ಕೈ ಒರೆಸಿಕೊಳ್ಳಲಿಲ್ಲ. ಹಾಗೇ ಅವನ ಕೈ ಹಿಡಿದಳು.

"ಇರಿ ಮತ್ತೆ," ಎಂದಳು. "ಯಾರು ಬೇಡ ಅಂದೋರು?"