ಸೊಸೆಯ ಅಂಗಾಲು

"ಅವ್ವಾ, ನಿನ್ನ ಕಾಲು!..."

ಮಗ ಸಂಜುಕುಮಾರ ಚೀರಿದಾಗಲೇ ವಿಮಲಾಬಾಯಿ ಹಿಂತಿರುಗಿ ನೋಡಿದ್ದು. ಅಡುಗೆಮನೆಯಿಂದ ಪಡಸಾಲೆಯವರೆಗೆ ಕೆಂಪು ಹೆಜ್ಜೆಗಳು! ಒಡೆದ ಬಳೆಯ ಚೂರು ಅಂಗಾಲಿಗೆ ನೆಟ್ಟಿದ್ದರೂ ಆಕೆಗೆ ಇರುವೆ ಕಚ್ಚಿದಷ್ಟೂ ಗೊತ್ತಾಗಿರಲಿಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದುಹಾಕಿತ್ತು.

ಭಾಲ್ಕಿಯಿಂದ ಬೀದರಿಗೆ ಓಡಿದರು. ಡಾಕ್ಟರ್ ಜೇಬಾ ಗಾಯ ತೊಳೆದು ಕಟ್ಟಿ ಹೇಳಿದರು: "ಗಾಯ ಮಾಯೂತನಕ ಕಡಿಮಿ ನಡೀರಿ. ಆಮ್ಯಾಲ ದಿನಾ ನಡೀಬೇಕ್ರಿ. ಮನಿ ಒಳಗೂ ಮೆತ್ತನ್ನ ಚಪ್ಪಲಿ ಹಾಕ್ಕೋರಿ. ಮುಂಜಾನಿಗೊಮ್ಮೆ ಯಾರರೆ ಅಂಗಾಲು ನೋಡ್ಲಿ. ಇಷ್ಟು ಮಾಡಿದ್ರ ಎಲ್ಲಿಗೆ ಬೇಕಾದ್ರೂ ಹೋಗ್ರಿ."

ಔಷಧಿ ತರಲು ಹೋಗಿದ್ದ ಮಗ ಇದನ್ನು ಕೇಳಲಿಲ್ಲ. ಮನೆಗೆ ಬಂದವನೇ ತೀರ್ಪು ಕೊಟ್ಟ: "ಇನ್ನ ನೀ ಎಲ್ಲೂ ಹೋಗಂಗಿಲ್ಲ. ತಂಗಿ ಕುಬಸಕ್ಕೂ ಇಲ್ಲ. ಕೂತಲ್ಲೇ ಎಲ್ಲಾ ತಂದ್ಕೊಡ್ತೇನಿ." ಪ್ರೀತಿಗೂ ಒಮ್ಮೊಮ್ಮೆ ಬುದ್ಧಿ ಇರುವುದಿಲ್ಲ ನೋಡಿ!

ಔರಾದಿನಲ್ಲಿ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಮುಂದಿನ ತಿಂಗಳು. ಹೆತ್ತವ್ವನೇ ಉಡಿ ತುಂಬದಿದ್ದರೆ ಹೇಗೆ? ಆದರೂ ವಿಮಲಾಬಾಯಿ ಡಾಕ್ಟರ ಮಾತನ್ನು ಬಾಯಿಬಿಡಲಿಲ್ಲ. ಬಾಯಿಬಿಟ್ಟರೆ ಚಪ್ಪಲಿಯ ವಿಷಯ ಹೇಳಬೇಕು, ಅತ್ತೆ ದಾನಮ್ಮನ ಮನೆಯಲ್ಲಿ! ಎಂಬತ್ತೆರಡರ ಆ ಮುದುಕಿಯ ಎದುರು ಪೊಲೀಸರು ಬಂದರೂ ಬೂಟು ಕಟ್ಟೆಯ ಕೆಳಗೇ ಬಿಚ್ಚಬೇಕು. ನಲವತ್ತು ವರ್ಷದ ಹೆದರಿಕೆ ಅಷ್ಟು ಸುಲಭಕ್ಕೆ ಬಿಟ್ಟೀತೇ? ಮೂರು ದಿನ ಮಂಚದ ಮೇಲೆ ಕೂತು ಕಣ್ಣೀರು ಹಾಕಿದಳು.

"ಯಾಕ ಅಳ್ತಿ? ಬಾಯಿಬಿಟ್ಟು ಹೇಳು!" ದಾನಮ್ಮ ಗದರಿದರು.

ತಡೆಯಲಾಗಲಿಲ್ಲ. ವಿಮಲಾಬಾಯಿ ಎಲ್ಲವನ್ನೂ ಹೇಳಿಬಿಟ್ಟಳು. ಮುದುಕಿ ಎದ್ದು ಹೊರಗೆ ನಡೆದರು. ತಿರುಗಿ ಬಂದಾಗ ದಾನಮ್ಮನ ಕೈಯಲ್ಲಿ ತೊಳೆದ ಚಪ್ಪಲಿಗಳಿದ್ದವು! ಅವನ್ನು ಮಂಚದ ಕೆಳಗಿಟ್ಟು, ಕೂತು, ಸೊಸೆಯ ಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಅಯ್ಯಯ್ಯ, ಬ್ಯಾಡ್ರೀ ಅತ್ತಿ! ನೀವು ನನ್ನ ಕಾಲು ಮುಟ್ಟಬ್ಯಾಡ್ರಿ, ಪಾಪ ಬರ್ತದ್ರಿ..."

"ಸುಮ್ನ ಕೂಡು! ನಲವತ್ತು ವರ್ಷ ಈ ಕಾಲು ನನ್ನ ಸಲುವಾಗಿ ಓಡ್ಯಾಡ್ಯಾವ. ನಮ್ಮ ದೇವರು ಲಿಂಗಾಗಿ ಕೊರಳಾಗ ಅದಾನ, ನೆಲದ ಮ್ಯಾಲಿಲ್ಲ. ಹೋದ ವರ್ಷ ಪೊರಿ ತಗಿಸಿದ ಕಣ್ಣು ನಂದು, ದಿನಾ ನಿನ್ನ ಅಂಗಾಲು ನೋಡ್ಲಿಕ್ಕರೆ ಬರ್ಲಿ!"

ವಿಮಲಾಬಾಯಿ ಅತ್ತೆಯ ಹೆಗಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು... ಅದು ದುಃಖದ ಅಳುವಾಗಿರಲಿಲ್ಲ.

ಗಾಯ ಮಾಯಿತು. ದಿನಾ ಮುಂಜಾನೆ ಪೂಜೆಗೆ ಮೊದಲು ಅಂಗಾಲಿನ ತಪಾಸಣೆ ತಪ್ಪಲಿಲ್ಲ. ಕುಬಸದ ಹಿಂದಿನ ದಿನ ಅವ್ವ ಹೊರಟು ನಿಂತಾಗ ಸಂಜುಕುಮಾರ ಅಜ್ಜಿಯ ಮುಂದೆ ಮತ್ತೆ ರಾಗ ತೆಗೆದ.

"ಆಯಿ, ಬಸ್ಸಿನ್ಯಾಗ ಒಬ್ಬಾಕಿನೇ ಹ್ಯಾಂಗ ಹೋಗ್ತಾಳ?"

"ನೀ ನಡೀಲಿಕ್ಕ ಕಲೀವಾಗ ಬಿದ್ದಿ ಅಂತ ನಿಮ್ಮವ್ವ ನಿನ್ನ ಕಟ್ಟಿ ಹಾಕಿದ್ಳೇನೋ?"

ಮೊಮ್ಮಗ ಅವ್ವನ ಕೋಲು ತಂದುಕೊಟ್ಟ.

ಮೆತ್ತನೆಯ ಬೂಟು, ಕೈಯಲ್ಲೊಂದು ಕೋಲು, ಹೆಗಲಿಗೆ ಕುಬಸದ ಚೀಲ. ವಿಮಲಾಬಾಯಿ ಕಿಟಕಿ ಪಕ್ಕ ಕೂತು ಔರಾದ ತಲುಪಿದಳು. ಮರುದಿನ ಅಕ್ಕಿ, ಅರಿಷಿಣಬೇರು, ಹಸಿರು ಬಳೆಗಳಿಂದ ಮಗಳ ಉಡಿ ತುಂಬಲು ಎಲ್ಲರಿಗಿಂತ ಮುಂದೆ ನಿಂತಾಗಲೇ ಮೊಬೈಲ್ ಕೂಗಿತು. ಪರದೆ ತುಂಬ ದಾನಮ್ಮನ ಕನ್ನಡಕ!

"ಇವತ್ತಿಂದು ಯಾರು ನೋಡಿದ್ರು? ಕಾಲು ಮ್ಯಾಲೆತ್ತು!"

"ಅತ್ತೀ, ಬೀಗರೆಲ್ಲಾ ಕೂತಾರ್ರೀ..."

"ಕೂಡ್ಲಿ! ಎತ್ತು!"

ತುಂಬಿದ ಸಭೆಯಲ್ಲಿ ಬೀಗತಿ ಮೊಬೈಲ್ ಹಿಡಿದಳು, ಬಸುರಿ ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ವಿಮಲಾಬಾಯಿ ಕುರ್ಚಿಯ ಮೇಲೆ ಕೂತು ಭಾಲ್ಕಿಯ ಕಡೆಗೆ ಅಂಗಾಲು ಎತ್ತಿ ತೋರಿಸಿದಳು.