ಡ್ರೋನಿಗೆ ಇಟ್ಟ ನಿಂಬೆಹಣ್ಣು

ನಂಬೋದು ನಿಮಗೆ ಬಿಟ್ಟಿದ್ದು. ನಾನು ಇಂಜಿನಿಯರ್, ನಾನೇ ಇನ್ನೂ ನಂಬಿಲ್ಲ.

2016ರ ಆಯುಧಪೂಜೆ. ನ್ಯೂಕ್ಯಾಸಲ್‌ನ ನಮ್ಮನೇಲಿ ಕಾರಿನ ಪೂಜೆ ಮುಗಿಸಿ, ಹಿತ್ತಲ ಕಡೆಯ ಮರದ ಡೆಕ್ ಮೇಲೆ ರಂಗೋಲಿ ಹಾಕಿ ನನ್ನ ಹೊಸ ಡ್ರೋನಿಗೂ ಪೂಜೆ ಮಾಡಿದ್ವಿ. ಅದರ ಕಾಲಡಿ ಎರಡು ನಿಂಬೆಹಣ್ಣೂ ಇಟ್ವಿ. ಕಾರಾದ್ರೆ ಹತ್ತಿಸಿ ಒಡೀಬಹುದು, ಒಂದೂಕಾಲು ಕೆಜಿ ಡ್ರೋನ್ ಏನು ಒಡೆಯುತ್ತೆ? ಹಣ್ಣು ಅಲ್ಲೇ ಬಿಟ್ಟು ಡ್ರೋನ್ ಎತ್ಕೊಂಡೆ.

"ನಿಂಬಿಹಣ್ಣ ಒಡೀಲಾರದ ಗಾಡಿ ಹೊರಗ ಒಯ್ಯಬಾರದ್ರಿ," ಅಂದ್ರು ಹುಬ್ಬಳ್ಳಿಯಿಂದ ಬಂದಿದ್ದ ನಮ್ಮತ್ತೆ ಗಂಗಮ್ಮ.

"ಇದು ಗಾಡಿ ಅಲ್ಲ ಅತ್ತೆ," ಅಂತ ನಕ್ಕೆ.

ಮೂರು ಮೈಲಿ ಆಚೆಯ ಪಾರ್ಕಿನಿಂದ ಹಾರಿಸಿದೆ. ಐದೇ ನಿಮಿಷಕ್ಕೆ ಸಿಗ್ನಲ್ ಹೋಯ್ತು. ಗಾಬರಿಯಾಗಲಿಲ್ಲ. ಸಿಗ್ನಲ್ ಹೋದ್ರೆ ಅದು ಎಲ್ಲಿಂದ ಎದ್ದಿತ್ತೋ ಅಲ್ಲಿಗೇ ತಾನಾಗಿ ವಾಪಸ್ ಬರುತ್ತೆ. ಒಂದು ಗಂಟೆ ಕಾದರೂ ಬರಲಿಲ್ಲ.

ಹೆಂಡತಿ ಅಕ್ಷಯಾ ಕಾಲ್ ಮಾಡಿದಳು. "ರೀ, ಯಾವಾಗ ಬಂದ್ರಿ? ಡ್ರೋನ್ ಡೆಕ್ ಮೇಲಿದೆ, ನೀವೆಲ್ಲಿ?"

ಮನೆಗೆ ಓಡಿದೆ. ಪೂಜೆ ಮಾಡಿದ ಜಾಗದಲ್ಲೇ ಕೂತಿತ್ತು. ಮೋಟಾರ್ ತಣ್ಣಗಿತ್ತು. ರೆಕ್ಕೆ ಗಾಳಿಗೆ ರಂಗೋಲಿಯ ಒಂದೆಳೆಯೂ ಕದಡಿರಲಿಲ್ಲ. ಅತ್ತೆ ಖುಷಿಯಾಗಿ ಇನ್ನೊಂದು ಸಲ ಆರತಿ ಎತ್ತಿದ್ರು.

ಡ್ರೋನ್ ಎತ್ತಿ ನೋಡಿದೆ. ಎರಡೂ ನಿಂಬೆಹಣ್ಣು ಲಾರಿ ಹತ್ತಿದ ಹಾಗೆ ಅಪ್ಪಚ್ಚಿಯಾಗಿದ್ದವು.