ಬಾಚಲೆ ಅಳೆದ ಕೋಟೆ

ಬಹಳ ಕಾಲದ ಹಿಂದೆ, ಎರಡು ಬೆಟ್ಟಗಳ ನಡುವೆ ಅರೆನಾಡು ಎಂಬ ರಾಜ್ಯವಿತ್ತು. ಅಲ್ಲಿಯ ಕೋಟೆಯ ಗೋಡೆಗೆ ಕಿವಿಯಿಟ್ಟರೆ ಎದೆಬಡಿತ ಕೇಳುತ್ತಿತ್ತು.

ಅದು ಹಾಗಾದದ್ದು ಯುದ್ಧಕಾಲದಲ್ಲಿ. ಶತ್ರುಗಳ ದಂಡು ಹತ್ತಿರ ಬಂದಿತ್ತು, ಕೋಟೆಯ ಹಳೇ ಗೋಡೆ ಕುಸಿದುಬಿದ್ದಿತ್ತು. ದಿಕ್ಕು ತೋಚದ ಅರಸ ಜರಾಕೇತು ಎಂಬ ಮಾಂತ್ರಿಕನ ಕಾಲು ಹಿಡಿದ. "ಮುನ್ನೂರು ಜನರನ್ನು ಕೊಡು, ಒಂದೇ ದಿನದಲ್ಲಿ ಗೋಡೆ ಎಬ್ಬಿಸುತ್ತೇನೆ. ಯುದ್ಧ ಮುಗಿದ ಮೇಲೆ ಅವರನ್ನು ಮರಳಿಸುತ್ತೇನೆ" ಎಂದ ಮಾಂತ್ರಿಕ. ಮುನ್ನೂರು ಜನ ಸಾಲಾಗಿ ನಿಂತರು. ಒಬ್ಬೊಬ್ಬರೂ ಒಂದೊಂದು ಕಲ್ಲಾದರು. ಗೋಡೆ ಎದ್ದಿತು, ಶತ್ರು ಹಿಂದಿರುಗಿದ. ಜರಾಕೇತು ಮಾತ್ರ ಕೊಟ್ಟ ಮಾತು ನಡೆಸಲಿಲ್ಲ. ಕೇಳಲು ಹೋದ ಅರಸನನ್ನು ಕೊಂದು ತಾನೇ ಸಿಂಹಾಸನದ ಮೇಲೆ ಕುಳಿತ.

ಆ ಮುನ್ನೂರು ಜನರಲ್ಲಿ ಮಾಚಯ್ಯನೂ ಒಬ್ಬ. ನಾಡಿನ ಬೆಟ್ಟ, ಹೊಳೆ, ಗಾಳಿ, ಮಳೆಗಳನ್ನು ಅಳೆದು ಬರೆದಿಡುವುದು ಅವನ ಕೆಲಸವಾಗಿತ್ತು. ಅವನ ಮಗಳು ಬಾಚಲೆಗೆ ಆಗ ಹನ್ನೆರಡು ವರ್ಷ. ತಾಯಿ ಇರಲಿಲ್ಲ. ದಿನವೂ ಬಂದು ತಂದೆಯ ಕಲ್ಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು. ಪಕ್ಕದ ಕಲ್ಲಿನ ಹತ್ತಿರ ಕುಂಬಾರರ ಸಿರಿಯಬ್ಬೆ ನಿಂತಿರುತ್ತಿದ್ದಳು. ಅದು ಅವಳ ಗಂಡ.

ಬಾಚಲೆ ಬೆಳೆದು ತಂದೆಯ ಕೆಲಸವನ್ನೇ ಹಿಡಿದಳು. ಒಂದು ದಿನ ಸಿರಿಯಬ್ಬೆ ಅವಳ ಕೈ ಹಿಡಿದು ಎಳೆದಳು.

"ಇವರ ಸದ್ದು ಕೇಳಿಸುತ್ತಿಲ್ಲ. ನನ್ನ ಕಿವಿಯದೇ ದೋಷವೋ ಏನೋ, ನೀನೊಮ್ಮೆ ಕೇಳು."

ಬಾಚಲೆ ಕೇಳಿದಳು. ಸದ್ದಿರಲಿಲ್ಲ. ಕಲ್ಲಿನ ಮೈ ಹಿಟ್ಟಿನಂತೆ ಉದುರಿ ಅವಳ ಕೆನ್ನೆಗೆ ಅಂಟಿಕೊಂಡಿತು.

ಅಂದಿನಿಂದ ಅವಳು ಗೋಡೆಯನ್ನು ಅಳೆಯತೊಡಗಿದಳು. ವರ್ಷಕ್ಕೊಮ್ಮೆ ಪ್ರತಿ ಕಲ್ಲಿನ ಮೇಲೂ ದಾರ ಬಿಗಿದು, ಕಲ್ಲು ಎಷ್ಟು ಸವೆದಿದೆ ಎಂದು ಸೂಜಿಯಿಂದ ಅಳೆದು ಓಲೆಗರಿಯಲ್ಲಿ ಬರೆಯುತ್ತಿದ್ದಳು. ಸವೆತ ಒಂದು ಬೆರಳಿನಷ್ಟು ಆಳಕ್ಕೆ ಹೋದರೆ ಎದೆಬಡಿತ ನಿಲ್ಲುತ್ತಿತ್ತು. ಜರಾಕೇತು ಉಪ್ಪರಿಗೆಯಲ್ಲಿ ನಿಂತು ನೋಡಿ ನಗುತ್ತಿದ್ದ.

"ಅಳೆಯುತ್ತಿರು ಬಾಚಲೆ. ಗಾಳಿ ತಿನ್ನುತ್ತದೆ, ಮಳೆ ತಿನ್ನುತ್ತದೆ. ಕಲ್ಲಿಗೂ ಮುಪ್ಪು ಬರುತ್ತದೆ. ಅದಕ್ಕೆ ನಾನೇನು ಮಾಡಲಿ?"

ಇಪ್ಪತ್ತೆರಡು ವರ್ಷ ಹೀಗೆ ಕಳೆಯಿತು. ತೊಂಬತ್ತು ಕಲ್ಲುಗಳು ಸದ್ದಡಗಿದವು. ಬಾಚಲೆಯ ತಲೆ ನರೆಯಿತು. ಒಂದು ದಿನ ಗರಿಗಳನ್ನೆಲ್ಲ ಹರಡಿಕೊಂಡು ಕುಳಿತವಳು ಸಿರಿಯಬ್ಬೆಯನ್ನು ಕರೆದಳು.

"ಅಕ್ಕಾ, ಗಾಳಿಮಳೆಗೆ ಮೈಯೊಡ್ಡಿ ನಿಂತವರು ಮೇಲಿನ ಸಾಲಿನವರು. ಅವರು ಗಟ್ಟಿಯಾಗಿದ್ದಾರೆ. ಸತ್ತವರೆಲ್ಲ ನೆಲದಿಂದ ಆಳೆತ್ತರದೊಳಗಿನವರು. ಮಾಂತ್ರಿಕ ಸುಳ್ಳು ಹೇಳುತ್ತಿದ್ದಾನೆ."

"ಅದನ್ನು ಹೇಗೆ ತಿಳಿಯುತ್ತೀ?"

"ಸತ್ತ ಕಲ್ಲಿನಿಂದ ಮೂರು ಬಿಲ್ಲೆ ಕಡಿಯಬೇಕು." ಅಷ್ಟು ಹೇಳಿ ಬಾಚಲೆ ತಲೆ ತಗ್ಗಿಸಿದಳು.

ಸಿರಿಯಬ್ಬೆ ಎದ್ದು ಹೋಗಿ ಗಂಡನ ಕಲ್ಲಿನ ಮೇಲೆ ಕೈಯಿಟ್ಟಳು. "ಇವರದನ್ನೇ ಕಡಿ" ಎಂದಳು. "ಇವರಿಗೆ ಇನ್ನೇನು ನೋವು?"

ಮೊದಲ ಬಿಲ್ಲೆಯನ್ನು ಹಿಡಿದು ಬಾಚಲೆ ಪಡುವಣ ಬೆಟ್ಟ ಹತ್ತಿದಳು. ಅಲ್ಲಿ ಗಾಳಿಕೋಣ ಇತ್ತು. ಅದು ಉಸಿರು ಬಿಟ್ಟರೆ ಮರಗಳು ಮಲಗುತ್ತಿದ್ದವು.

"ಗೋಡೆಯನ್ನು ತಿನ್ನುವವನು ನೀನೇ?" ಎಂದು ಕೇಳಿದಳು.

"ಒಂದು ವರ್ಷ ನನ್ನೆದುರು ನಿಂತು ನೋಡು" ಎಂದಿತು ಕೋಣ.

ಒಂದು ವರ್ಷ ನಿಂತಳು. ಎಡಗಿವಿ ಕಿವುಡಾಯಿತು. ಬಿಲ್ಲೆಯ ಅಂಚು ಮಾತ್ರ ತುಸು ನುಣುಪಾಗಿತ್ತು. "ನಾನು ತಿನ್ನುವುದು ಇಷ್ಟೇ" ಎಂದಿತು ಕೋಣ.

ಎರಡನೆಯ ಬಿಲ್ಲೆಯನ್ನು ಹಿಡಿದು ಮೂಡಣ ಕಣಿವೆಗೆ ಇಳಿದಳು. ಅಲ್ಲಿ ಮಳೆಹಾವು ಇತ್ತು. ಅದು ಹೆಡೆ ಬಿಚ್ಚಿದರೆ ಮುಗಿಲು ಒಡೆಯುತ್ತಿತ್ತು.

"ಗೋಡೆಯನ್ನು ತಿನ್ನುವವನು ನೀನೇ?"

"ಒಂದು ವರ್ಷ ನನ್ನ ಹೆಡೆಯ ಕೆಳಗೆ ಕುಳಿತು ನೋಡು."

ಒಂದು ವರ್ಷ ಕುಳಿತಳು. ಅವಳ ಎಲುಬಿಗೆ ಬಿಡದ ಚಳಿ ಹಿಡಿಯಿತು. ಬಿಲ್ಲೆಯ ಮೇಲೆ ಪಾಚಿ ಕಟ್ಟಿತ್ತು, ಅಷ್ಟೇ. "ನಾನು ತಿನ್ನುವುದು ಇಷ್ಟೇ" ಎಂದಿತು ಹಾವು.

ಉಳಿದದ್ದು ನೆಲದಡಿಯ ನೀರು. ಮೂರನೆಯ ಬಿಲ್ಲೆಯನ್ನು ಹಿಡಿದು ಕೋಟೆಯ ಬುಡದ ಪಾಳುಬಾವಿಗೆ ಇಳಿದಳು. ತಳದಲ್ಲಿ ಕುರುಡು ಆಮೆಯೊಂದಿತ್ತು. ಅದರ ಬೆನ್ನ ಮೇಲೆ ತೆಂಗಿನಕಾಯಿ ಗಾತ್ರದ ಬಿಳಿ ಹರಳು ಇತ್ತು. ಬಾಚಲೆ ಬಾಯಿ ತೆರೆಯುವ ಮೊದಲೇ ಆಮೆ, "ನೀರಿನಲ್ಲಿ ಅದ್ದು" ಎಂದಿತು. ಅದ್ದಿದ ಬಿಲ್ಲೆ ಅಂಗೈಯಲ್ಲಿ ಒಣಗುತ್ತಾ ಬಂತು. ಅದರ ಮೈಮೇಲೆ ಬಿಳಿ ಹೂವಿನಂಥದು ಅರಳಿತು, ಅರಳುತ್ತಲೇ ಕಲ್ಲು ಪುಡಿಪುಡಿಯಾಯಿತು. ಬಾಚಲೆ ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪು.

"ಈ ಹರಳಿನಲ್ಲಿ ಜರಾಕೇತುವಿನ ಪ್ರಾಣವಿದೆ" ಎಂದಿತು ಆಮೆ. "ನೀರು ಇದನ್ನು ಕರಗಿಸಿಕೊಂಡು ಗೋಡೆಯೊಳಗೆ ಏರುತ್ತದೆ. ಉಪ್ಪು ಒಳಗಿನವರ ಆಯುಸ್ಸು ತಿಂದು ಇಲ್ಲಿಗೇ ಮರಳಿ ಬೆಳೆಯುತ್ತದೆ. ಹರಿಯುವ ಹೊಳೆಗೆ ಬಿದ್ದರೆ ಮಾತ್ರ ಮರಳಲಾರದು. ಆದರೆ ಮುಟ್ಟಿದ ಕೈ ಕಲ್ಲಾಗುತ್ತದೆ, ಮತ್ತೆ ಕೈಯಾಗುವುದಿಲ್ಲ."

ಬಾಚಲೆ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಬರೆಯುವುದು ಬಲಗೈ. ಎಡಗೈ ಚಾಚಿ ಹರಳನ್ನು ಎತ್ತಿದಳು.

ಬಾವಿಯಿಂದ ಮೇಲೆ ಬಂದಾಗ ಜರಾಕೇತು ಹೊಳೆಯ ದಾರಿಗೆ ಅಡ್ಡ ನಿಂತಿದ್ದ. ಮೊದಲ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

"ಅದನ್ನು ಕೊಡು. ನಿನ್ನ ತಂದೆಯನ್ನು ಈಗಲೇ, ಈ ಗಳಿಗೆಯಲ್ಲೇ ಬಿಡುತ್ತೇನೆ. ಒಂದು ಕೂದಲೂ ಕೊಂಕದ ಹಾಗೆ."

"ಉಳಿದವರು?"

"ಉಳಿದವರು ನಿನಗೆ ಏನಾಗಬೇಕು?"

ಬಾಚಲೆಗೆ ಆಸೆಯಾಯಿತು. ಸುಳ್ಳು ಹೇಳಬಾರದು, ಬಹಳ ಆಸೆಯಾಯಿತು. ಕೈ ಅರ್ಧ ಮುಂದಕ್ಕೂ ಬಂತು. ಆದರೆ ಇಪ್ಪತ್ತೆರಡು ವರ್ಷ ಒಬ್ಬೊಬ್ಬರನ್ನೂ ಹೆಸರು ಹಿಡಿದು ಅಳೆದವಳು ಅವಳು. ಕಲ್ಲಾಗುತ್ತಿದ್ದ ಕೈಯನ್ನು ಬೀಸಿ ಹರಳನ್ನು ಅವನ ತಲೆಯ ಮೇಲಿಂದ ಹೊಳೆಗೆ ಎಸೆದಳು.

ಜರಾಕೇತು ಪಾದದಿಂದ ಕರಗಿದ. ಸೊಂಟದವರೆಗೆ ಕರಗಿದಾಗಲೂ ಬಯ್ಯುತ್ತಲೇ ಇದ್ದ. ಕೊನೆಗೆ ನೆಲದ ಮೇಲೆ ಒಂದು ಬಿಳಿ ಕಲೆ ಉಳಿಯಿತು.

ಜನ ಗೋಡೆಯ ಕಡೆ ಓಡಿದರು. ಗೋಡೆ ಹಾಗೇ ಇತ್ತು. ಮಾಂತ್ರಿಕ ಸತ್ತಿದ್ದ, ಅವನ ಉಪ್ಪು ಕಲ್ಲುಗಳ ಒಳಗೇ ಇತ್ತು.

"ಹಸಿ ಜೇಡಿಮಣ್ಣು ಮೆತ್ತಿದರೆ?" ಎಂದಳು ಸಿರಿಯಬ್ಬೆ. "ಒಣಗುವಾಗ ಮಣ್ಣು ಒಳಗಿನದನ್ನು ಎಳೆದುಕೊಳ್ಳುತ್ತದೆ. ನನ್ನ ಗಡಿಗೆಗಳಲ್ಲಿ ನೋಡಿದ್ದೇನೆ."

"ಏಳೆಂಟು ಸಲ ಮೆತ್ತಬೇಕಾದೀತು. ಒಬ್ಬರಿಗೆ ಒಂದು ತಿಂಗಳು."

"ಸರಿ, ಮೊದಲು ನಿನ್ನ ಅಪ್ಪ ತಾನೆ?"

ಬಾಚಲೆ ಗರಿಗಳನ್ನು ಬಿಚ್ಚಿದಳು. ತಂದೆಯ ಗರಿಯನ್ನು ಎರಡು ಸಲ ಓದಿದಳು. "ಇಲ್ಲ ಅಕ್ಕಾ. ಅಪ್ಪನಿಗೆ ಇನ್ನೂ ನಾಲ್ಕು ವರ್ಷ ಇದೆ. ನೇಕಾರರ ಮಾದವ್ವೆಗೆ ಒಂದೂವರೆ ತಿಂಗಳು. ಅವಳಿಂದ ಶುರು ಮಾಡೋಣ."

ಮಾದವ್ವೆ ಎದ್ದು ಬಂದಳು, ಉಪ್ಪು ತಿಂದು ಮೂಗಿಲ್ಲವಾದ ಮುಖದೊಂದಿಗೆ. ಅದನ್ನು ಕಂಡು ಊರಿಗೆ ಊರೇ ಮಣ್ಣು ತುಳಿಯಲು ನಿಂತಿತು. ಗಂಡನ ಎದೆಬಡಿತ ನಿಂತುಹೋಗಿದ್ದ ಸಿರಿಯಬ್ಬೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಒಬ್ಬೊಬ್ಬರಾಗಿ ಜನ ಹೊರಬಂದರು. ಕೆಲವರಿಗೆ ಬೆರಳಿರಲಿಲ್ಲ, ಕೆಲವರಿಗೆ ತುಟಿಯಿರಲಿಲ್ಲ. ಹನ್ನೊಂದು ಜನ ಮಣ್ಣು ಮೆತ್ತಿಸಿಕೊಂಡೇ ಸತ್ತರು. ಅವರ ಮನೆಯವರು ಬಾಚಲೆಯ ಮುಖ ನೋಡದೆ ಎದ್ದುಹೋದರು. ಅವಳು ಮರುದಿನ ಮುಂದಿನ ಕಲ್ಲಿಗೆ ಹೋದಳು.

ಮೂರು ವರ್ಷದ ಮೇಲೆ ಮಾಚಯ್ಯನ ಸರದಿ ಬಂತು. ಅಷ್ಟರಲ್ಲಿ ಸವೆತ ಅವನ ಕಣ್ಣು ತಿಂದಿತ್ತು. ಕೊನೆಯ ಮಣ್ಣು ಕಳಚಿದಾಗ ಮೂವತ್ತೈದರ ಗಂಡಸೊಬ್ಬ ಗೋಡೆಯಿಂದ ಮುಗ್ಗರಿಸಿ, ಮುಂದೆ ನಿಂತವಳ ತೋಳು ಹಿಡಿದುಕೊಂಡ.

"ಯುದ್ಧ ಮುಗಿಯಿತೇ, ತಾಯಿ?"

"ಮುಗಿಯಿತು."

"ನನಗೆ ಕಣ್ಣು ಕಾಣುತ್ತಿಲ್ಲ. ಮನೆಯಲ್ಲಿ ಮಗಳೊಬ್ಬಳೇ ಇದ್ದಾಳೆ, ಹನ್ನೆರಡು ವರ್ಷದವಳು. ಹೆದರಿರುತ್ತಾಳೆ. ನನ್ನನ್ನು ಅಲ್ಲಿಗೆ ಮುಟ್ಟಿಸುತ್ತೀರಾ?"

ಬಾಚಲೆ ಅವನ ಕೈಯನ್ನು ಎತ್ತಿ ತನ್ನ ಮುಖದ ಮೇಲೆ ಇಟ್ಟುಕೊಂಡಳು. ಅವನು ಹಣೆ ಸವರಿದ, ಸುಕ್ಕು ಸವರಿದ, ಒದ್ದೆಯಾದ ಕೆನ್ನೆ ಸವರಿದ. ಬೆಟ್ಟ ಅಳೆಯುತ್ತಿದ್ದ ಬೆರಳುಗಳು ಅವು, ನಿಧಾನವಾಗಿ ಹೋದವು.

"ಎಷ್ಟು ವರ್ಷ?" ಎಂದ.

"ಮೂವತ್ತೈದು, ಅಪ್ಪಾ."

ಮಾಚಯ್ಯ ಅಲ್ಲೇ ನೆಲದ ಮೇಲೆ ಕುಳಿತ. ಅವಳೂ ಪಕ್ಕದಲ್ಲಿ ಕುಳಿತಳು. ಸಿರಿಯಬ್ಬೆ ಮಣ್ಣಿನ ಕೈ ತೊಳೆದುಕೊಂಡು ಬಂದು ಇಬ್ಬರಿಗೂ ಅಂಬಲಿ ಕೊಟ್ಟಳು. ಅವನಿಗೆ ತಿಂದು ಅಭ್ಯಾಸ ತಪ್ಪಿತ್ತು. ಮಗಳೇ ಗುಟುಕು ಗುಟುಕಾಗಿ ಕುಡಿಸಿದಳು.

ಆ ಮೇಲೆ ಅರೆನಾಡಿನಲ್ಲಿ ಯಾರೂ ಮಾಂತ್ರಿಕರನ್ನು ಕರೆಯಲಿಲ್ಲ, ಕೋಟೆಯನ್ನೂ ಕಟ್ಟಲಿಲ್ಲ. ಬಂದವರು ಬಂದಷ್ಟು ಮೈಯಲ್ಲೇ ಉತ್ತರು, ನೇಯ್ದರು, ಮಕ್ಕಳನ್ನು ಹೆತ್ತರು, ಬಹುಕಾಲ ಸುಖವಾಗಿ ಬಾಳಿದರು. ಬಾರದ ನೂರ ಒಂದು ಜನರ ಕಲ್ಲುಗಳು ಬಯಲಿನಲ್ಲಿ ನಿಂತೇ ಇದ್ದವು. ಮಳೆಗಾಲ ಮುಗಿದ ಮೇಲೆ ಊರಿನವರೆಲ್ಲ ಹೋಗಿ, ಅವರವರ ಹೆಸರು ಕರೆದು, ಅವುಗಳ ಮೈ ಒರೆಸಿ ಬರುತ್ತಿದ್ದರು.